ಹರಿಹರದ ಛತ್ರದಲ್ಲಿ ಕೂರದ ಪಂಕ್ತಿ

ಹರಿಹರ, ಭಾನುವಳ್ಳಿಯ ಯುವಕ ಸಂಘಗಳು ಒಂದಾಗಿ ಮುಂದಿನ ಕೆಲಸ ಗೊತ್ತುಮಾಡಲು ಹೊಳೆದಂಡೆಯ ಛತ್ರದಲ್ಲಿ ಸೇರಿದ್ದವು. ಒಂದಾದ ಸಂಘದ ಕಚೇರಿ ಯಾವ ಊರಲ್ಲಿ ಎಂಬಲ್ಲಿಗೆ ಬಂದು ಮಾತು ಕೆಟ್ಟಿತು. ಊಟಕ್ಕೆ ಎಲೆ ಹಾಕಿದರೆ ಒಬ್ಬನೂ ಕೂರಲೊಲ್ಲ. ಬಡಿಸಿದವರು ಮನೆಯವರು, ಕೂತವರು ನೆಂಟರು ಅಂತ ಆಗಿ, ಕಚೇರಿ ಮನೆಯವರ ಊರಿಗೇ ಹೋಗಿಬಿಡುತ್ತದಲ್ಲ!

"ಛತ್ರ ನಮ್ಮೂರಾಗೈತೆ, ನೀವು ಕೂಡ್ರಿ" ಎಂದರು ಹರಿಹರದ ಅಧ್ಯಕ್ಷರು, ಅನ್ನದ ಬುಟ್ಟಿ ಹಿಡಿದು.

"ಅಕ್ಕಿ ನಮ್ಮೂರಿಂದ ಬಂದೈತೆ, ನೀವೇ ಕೂಡ್ರಿ" ಎಂದರು ಭಾನುವಳ್ಳಿಯವರು, ಸಾರಿನ ಬಕೆಟ್ ಬಿಡದೆ.

ಕೊನೆಗೆ, ದಾವಣಗೆರೆಯಿಂದ ಸುಮ್ಮನೆ ನೋಡಲು ಬಂದಿದ್ದ ನನ್ನನ್ನು ಹಿಡಿದು ಕೂರಿಸಿದರು. ಒಬ್ಬರು ಅನ್ನ ಸುರಿದರು, ಇನ್ನೊಬ್ಬರು ಸಾರು. ಇಬ್ಬರೂ ನಿಲ್ಲಿಸಲೊಲ್ಲರು. ಯಾರಿಗೆ ಮೊದಲು 'ಸಾಕು' ಅಂದರೂ ಅವರ ಊರನ್ನು ಬೇಡ ಅಂದಹಾಗೆ. ಎಲ್ಲರ ಕಣ್ಣೂ ನನ್ನ ಮೇಲೆ. ಸಾರು ಎಲೆ ದಾಟಿ ಧೋತ್ರದ ಕಡೆ ಹರಿಯಿತು. ನಾನು ಬಾಯಿ ಬಿಡಲಿಲ್ಲ, ಉಣ್ಣುವುದಕ್ಕೂ.