ಅವ್ವನ ಈರುಳ್ಳಿ ಮಡಿ

ಆಗ ನಮ್ಮ ಮನೆಯಲ್ಲಿ ಯಾರೂ ಗಡಿಯಾರ ನೋಡುತ್ತಿರಲಿಲ್ಲ. ಸವಳಂಗದ ರಸ್ತೆಯ ಬಸ್ಸುಗಳೇ ಹೊತ್ತು ಹೇಳುತ್ತಿದ್ದವು. ಹಾಗಾಗಿ ಇವತ್ತಿಗೂ ಖಚಿತವಾಗಿ ಹೇಳಬಲ್ಲೆ: ಮನೆಯ ಹಿತ್ತಲ ಕಡೆಯ ಮಣ್ಣಿನ ಗೋಡೆ ಬಿದ್ದಾಗ ಮಧ್ಯಾಹ್ನ ನಾಲ್ಕು ಗಂಟೆ ಹತ್ತು ನಿಮಿಷ. ಶಿವಮೊಗ್ಗದ ಬಸ್ಸು ತಿರುವಿನಲ್ಲಿ ಹಾರ್ನ್ ಹೊಡೆಯಿತು. ಅದನ್ನು ನೋಡಲು ನಾನು ಮುಂಬಾಗಿಲಿಗೆ ಓಡಿದೆ. ಬೆನ್ನ ಹಿಂದೆ ಧಪ್ ಅಂದಿತು.

ಹಿಂದಿನ ಕೋಣೆಯಲ್ಲಿ ನನ್ನ ತಂಗಿ ಸುಮಾ ಸೀರೆಯ ಜೋಲಿಯಲ್ಲಿ ಮಲಗಿದ್ದಳು. ಎರಡು ವರ್ಷದ ಕೂಸು. "ತೂಗ್ತಾ ಇರು, ಎಲ್ಲೂ ಹೋಗಬ್ಯಾಡ" ಎಂದು ಅವ್ವ ನನಗೆ ಹೇಳಿ ಬಟ್ಟೆ ಒಗೆಯಲು ಹೋಗಿದ್ದಳು.

ಓಡಿ ಬಂದರೆ ಕೋಣೆಯ ತುಂಬ ಕೆಮ್ಮಣ್ಣಿನ ಧೂಳು. ಗೋಡೆಯಿದ್ದ ಕಡೆ ಹಿತ್ತಲ ಬೆಳಕು. ತೊಲೆ ಕಂಬದ ಮೇಲೆ ಕೂತಿದ್ದರಿಂದ ಉಳಿದಿತ್ತು. ಜೋಲಿ ಅದರಿಂದ ನೇತಾಡುತ್ತಿತ್ತು. ಮಣ್ಣಿನ ರಾಶಿ ಜೋಲಿಯ ತಳಕ್ಕೆ ತಾಗುವಷ್ಟು ಹತ್ತಿರ ಬಂದು ನಿಂತಿತ್ತು. ಒಳಗಿನಿಂದ ಸದ್ದೇ ಇಲ್ಲ. ಆ ನಿಶ್ಶಬ್ದ ಎಷ್ಟು ಹೊತ್ತಿತ್ತೋ ಗೊತ್ತಿಲ್ಲ. ಆಮೇಲೆ ಸುಮಾ ಕೆಮ್ಮಿದಳು, ಕಿರುಚಿದಳು. ಈಗಲೂ ಬೀದಿಯಲ್ಲಿ ಟ್ರ್ಯಾಕ್ಟರಿನಿಂದ ಮರಳು ಸುರಿದರೆ ನಾನು ಆ ಕೆಮ್ಮಿಗಾಗಿ ಕಾಯುತ್ತಾ ನಿಲ್ಲುತ್ತೇನೆ.

ಗೋಡೆ ಬೀಳಲು ಕಾರಣ ಅವ್ವನ ಈರುಳ್ಳಿ ಮಡಿ. ಅವ್ವ ಮಳೆ ಕಮ್ಮಿಯ ಜಗಳೂರು ಕಡೆಯವಳು. ಅಲ್ಲಿ ಮಡಿ ಮಾಡುವುದೆಂದರೆ ನೆಲವನ್ನು ಒಂದು ಗೇಣು ತಗ್ಗು ತೆಗೆದು, ಸುತ್ತ ಬದು ಕಟ್ಟಿ, ಬಿದ್ದ ಹನಿಯನ್ನೆಲ್ಲ ಅಲ್ಲೇ ಹಿಡಿದಿಡುವುದು. ಮದುವೆಯಾಗಿ ಬಂದವಳು ಇಲ್ಲೂ ಹಾಗೇ ಮಾಡಿದಳು, ಅದೂ ಸೂರಿನ ನೀರು ನೇರ ಬೀಳಲಿ ಎಂದು ಗೋಡೆಗೆ ತಾಗಿಸಿ. ಬೀಜ ತವರಿನದು. ಮಳೆ ಕಡಿಮೆಯಿದ್ದ ವರ್ಷಗಳಲ್ಲಿ ಹೇಗೋ ನಡೆಯಿತು. ಎಳೆ ಈರುಳ್ಳಿ ಸೊಪ್ಪನ್ನು ಮಂಡಕ್ಕಿಗೆ ಹೆಚ್ಚಿ ಹಾಕಿ, ಎಣ್ಣೆ ಖಾರ ಕಲಸಿ ಕೊಡುತ್ತಿದ್ದಳು. ಬೆರಳು ರಾತ್ರಿಯವರೆಗೂ ಘಮಗುಡುತ್ತಿತ್ತು. ಆ ವರ್ಷ ಮಾತ್ರ ಮಳೆ ಹಿಡಿದದ್ದು ಬಿಡಲೇ ಇಲ್ಲ. ಮಡಿಯಲ್ಲಿ ನೀರು ನಿಂತು, ಸಸಿಯ ತುದಿ ಹಳದಿಯಾಗಿ, ಬೇರು ಕೊಳೆತು ಹಿತ್ತಲೆಲ್ಲ ನಾರತೊಡಗಿತು.

"ಏನವ್ವಾ, ಈರುಳ್ಳಿ ಬೆಳೀತೀಯೋ, ಭತ್ತ ನಾಟಿ ಮಾಡ್ತೀಯೋ?" ಎಂದು ಅಜ್ಜಿ, ಅಂದರೆ ಅಪ್ಪನ ತಾಯಿ, ದಿನಾ ಚುಚ್ಚುತ್ತಿದ್ದಳು.

"ನಿಮ್ಮೂರಾಗೆ ನೀರಿನ ಬೆಲೆ ಗೊತ್ತಿಲ್ಲ ಬಿಡ್ರಿ ಅತ್ತೆ. ನಮ್ಮ ಕಡೆ ಮುಖ ತೊಳೆದ ನೀರ್ನೂ ಗಿಡಕ್ಕೆ ಹಾಕ್ತೀವಿ."

"ಹಂಗಾದ್ರೆ ಒಂದು ಎಮ್ಮೆ ತಂದು ಬಿಡು, ಮಲಗಾಕೆ ಜಾಗ ಚೆನ್ನಾಗೈತೆ."

ಗೋಡೆ ಬಿದ್ದ ಮೇಲೆ ಈ ಮಾತುಗಳೆಲ್ಲ ನಿಂತವು. ನನ್ನನ್ನು ಯಾರೂ ಬೈಯಲಿಲ್ಲ, ಅದೇ ಕಷ್ಟವಾಯಿತು. ಅಪ್ಪ ತೆರೆದ ಜಾಗಕ್ಕೆ ತಗಡು ಕಟ್ಟಿದ. ಅವ್ವ ರಾತ್ರಿಯೆಲ್ಲ ಸುಮಾಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತೇ ಇರುತ್ತಿದ್ದಳು. ಒಂದು ಹನಿ ಬಿದ್ದರೆ ಉಳಿದ ಗೋಡೆಗಳನ್ನು ಅಂಗೈಯಿಂದ ಮುಟ್ಟಿ ನೋಡುತ್ತಿದ್ದಳು. ನಾಲ್ಕನೇ ದಿನ ಗುದ್ದಲಿ ಹಿಡಿದು ಹೋಗಿ ಮಡಿಯ ಬದು ಒಡೆದಳು. ಉಳಿದಿದ್ದ ಸಸಿಗಳನ್ನೂ ಕಿತ್ತು ಎಸೆಯತೊಡಗಿದಳು.

ಅಜ್ಜಿ ಹೋಗಿ ಅವಳ ಕೈ ಹಿಡಿದಳು. "ಮಡಿ ಏನು ಮಾಡೈತೆ? ನೀರಿಗೆ ದಾರಿ ಇರಲಿಲ್ಲ, ಅಷ್ಟೇ."

"ಕೂಸು ಹೋಗ್ತಿತ್ತಲ್ರೀ ಅತ್ತೆ, ನನ್ನ ಕೈಯಾರೆ."

"ಗೋಡೆ ಬುಡ ಹಸಿಯಾಗಿದ್ದು ನಾನೂ ನೋಡಿದ್ದೆ ಕಣವ್ವ," ಎಂದಳು ಅಜ್ಜಿ. ಅವಳ ದನಿ ಅಷ್ಟು ಸಣ್ಣಗಾಗಿದ್ದನ್ನು ನಾನು ಕೇಳಿರಲಿಲ್ಲ. "ಹದಿನೈದು ದಿನದಿಂದ ನೋಡ್ತಿದ್ದೆ. ಆಡಿಕೊಂಡೆ. ಗುದ್ದಲಿ ಮುಟ್ಟಲಿಲ್ಲ."

ಮಾರನೇ ದಿನ ಕೆಲಸ ಶುರುವಾಯಿತು. ಅಜ್ಜಿ ಮೊಣಕಾಲುದ್ದ ಗುಂಡಿ ತೋಡಿಸಿ ಒಂದು ಕೊಡ ನೀರು ಸುರಿದಳು. ಸಂಜೆಗೆ ನೋಡಿದರೂ ನೀರು ಅಲ್ಲೇ ಇತ್ತು. "ಕೆಳಗೆಲ್ಲ ಜೇಡಿ. ಇದು ಕುಡಿಯಲ್ಲ," ಎಂದಳು. ಇಳಿಜಾರು ಯಾವ ಕಡೆಗೆಂದು ತಿಳಿಯಲು ಚೆಂಬಿನಿಂದ ನೀರು ಬಿಡುತ್ತಾ ಹೋದಳು. ನಾನು ಒಂದು ಹುಣಸೆ ಎಲೆಯನ್ನು ಅದರಲ್ಲಿ ತೇಲಿಬಿಟ್ಟು ಹಿಂದೆ ಹಿಂದೆ ಓಡಿದೆ. ಎಲೆ ಹೋದ ದಾರಿಯಲ್ಲೇ ಬಸಿಗಾಲುವೆ ತೆಗೆದರು, ಬೇಲಿಯಾಚೆಯ ಹಳ್ಳದವರೆಗೆ. ಒಡೆದ ಹೆಂಚಿನ ಚೂರು, ಕಲ್ಲು ಅದರ ತಳಕ್ಕೆ. ಸೂರಿನ ನೀರೂ ಅದಕ್ಕೇ ಇಳಿಯುವಂತೆ ಮಾಡಿದರು. ಹೊಸ ಮಡಿ ಗೋಡೆಯಿಂದ ಆರು ಮೊಳ ದೂರ, ಈ ಸಲ ನೆಲಕ್ಕಿಂತ ಎತ್ತರಕ್ಕೆ. ಅದಕ್ಕೆ ಮಣ್ಣು ಬೇಕಿತ್ತು. ಅಜ್ಜಿ ಬಿದ್ದ ಗೋಡೆಯ ರಾಶಿ ತೋರಿಸಿದಳು.

"ಅದು ಬ್ಯಾಡ್ರಿ," ಎಂದಳು ಅವ್ವ.

"ಹಳೇ ಗೋಡೆ ಮಣ್ಣಿನಂಥ ಗೊಬ್ಬರ ಇಲ್ಲ. ನಮ್ಮತ್ತೆ ತುಳಿದು ಕಟ್ಟಿದ್ದ ಗೋಡೆ. ಬೀದಿಗೆ ಚೆಲ್ಲಾಕೆ ಆಗ್ತೈತೇನು?"

ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ ಬುಟ್ಟಿ ಹಿಡಿದಳು. ಅಜ್ಜಿ ತುಂಬಿದಳು, ಅವ್ವ ಹೊತ್ತಳು, ನಾನು ಹೆಂಟೆ ಒಡೆದೆ. ತಿಪ್ಪೆ ಗೊಬ್ಬರ, ಮರಳು ಬೆರೆಸಿದೆವು. ಕಿತ್ತೆಸೆದ ಸಸಿಗಳಲ್ಲಿ ಜೀವವಿದ್ದವನ್ನು ಅಜ್ಜಿಯೇ ಆರಿಸಿ ನೆಟ್ಟಳು.

ಈಗ ಆ ಹಿತ್ತಲಿಗೆ ಸಿಮೆಂಟು ಹಾಕಿಸಿದ್ದೇವೆ. ಗೋಡೆಗಳೆಲ್ಲ ಇಟ್ಟಿಗೆಯವು. ನೀರು ಪೈಪಿನಲ್ಲಿ ಎಲ್ಲಿಗೆ ಹೋಗುತ್ತದೋ ಹೊನ್ನಾಳಿಯಲ್ಲಿರುವ ನನಗಂತೂ ಗೊತ್ತಿಲ್ಲ. ಸುಮಾಳಿಗೆ ಏನೂ ನೆನಪಿಲ್ಲ, ಹೇಳಿದರೆ ನಗುತ್ತಾಳೆ. ಅಜ್ಜಿ ಇಲ್ಲ. ಅವ್ವನಿಗೆ ನಿದ್ದೆ ಬರಲು ಮಾತ್ರೆ ಬೇಕು. ಒಬ್ಬರ ತಪ್ಪನ್ನು ಇನ್ನೊಬ್ಬರು ಅರ್ಧ ಹೊತ್ತುಕೊಂಡ ಆ ವಾರದಂಥದ್ದನ್ನು ನಾನು ಆಮೇಲೆ ಯಾವ ಮನೆಯಲ್ಲೂ ಕಾಣಲಿಲ್ಲ, ನನ್ನ ಮನೆಯಲ್ಲೂ. ಅದಕ್ಕೇ ಆ ಒಂದು ಬೆಳಗು ಮತ್ತೆ ಬೇಕೆನಿಸುತ್ತದೆ.

ಕಾಲುವೆ ಮುಗಿದ ಮೂರನೇ ದಿನದ ಬೆಳಗು. ನಾನು ಎದ್ದಾಗ ಅಜ್ಜಿ ಒಲೆಯ ಮುಂದೆ ಕೂತು ಚಹಾ ಕಾಸುತ್ತಿದ್ದಳು. ಸೊಸೆ ಬಂದ ಮೇಲೆ ಅವಳು ಒಲೆ ಹಚ್ಚಿದ್ದೇ ಇಲ್ಲ. "ಸದ್ದು ಮಾಡಬ್ಯಾಡ," ಎಂದು ಕಣ್ಣಲ್ಲೇ ಗದರಿದಳು. ಏಳು ಗಂಟೆಯ ಬಸ್ಸು ಹೋಯಿತು, ಎಂಟರದೂ ಹೋಯಿತು. ಬಿಸಿಲು ಕಾಲಿಗೆ ಮುಟ್ಟಿದಾಗ, ಅಲ್ಲಿಯವರೆಗೂ ಮಲಗಿದ್ದ ಅವ್ವ ಗಾಬರಿಯಾಗಿ ಎದ್ದು ಬಂದಳು.

"ಎಬ್ಬಿಸಬಾರದೇನ್ರಿ ಅತ್ತೆ!"

ಅಜ್ಜಿ ಚಹಾದ ಲೋಟವನ್ನು ಅವಳ ಕಡೆ ಸರಿಸಿದಳು. "ರಾತ್ರಿ ಭಾರೀ ಮಳೆ ಕಣವ್ವ. ಬೆಳತನಕ ಹೊಡೀತು. ನಿನಗೆ ಎಚ್ಚರಾನೇ ಆಗ್ಲಿಲ್ಲ."

ಅವ್ವ ಅವಳ ಮುಖ ನೋಡಿದಳು.

"ಹೌದಾ?" ಎಂದಳು.