ಎರಡೂ ಕಡೆಯ ಅರ್ಜಿ

ಒಂಬತ್ತು ವರ್ಷ ನಾನು ತುರುವೇಕೆರೆಯ ತಾಲ್ಲೂಕು ಕಚೇರಿ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಕೆಲಸ ಮಾಡಿದೆ. ಕೆಲಸ ಹುಡುಕುವವರ ರೆಸ್ಯೂಮೆಗಳನ್ನೆಲ್ಲ ನಾನೇ ಜೋಡಿಸುತ್ತಿದ್ದೆ. ಮೇಲೆ ಓದು, ಕೆಳಗೆ ಅನುಭವ, ಕೊನೆಗೆ ಹವ್ಯಾಸ. ಹವ್ಯಾಸ ಏನೆಂದು ಕೇಳಿದರೆ, "ನೀವೇ ಏನಾದ್ರೂ ಹಾಕ್ರಕ್ಕ" ಅನ್ನುತ್ತಿದ್ದರು. ಹೀಗಾಗಿ ನಮ್ಮ ತಾಲ್ಲೂಕಿನ ಬಹಳ ಜನಕ್ಕೆ ಪುಸ್ತಕ ಓದುವ ಹವ್ಯಾಸವಿದೆ.

ಮೂವತ್ತೇಳನೆಯ ವಯಸ್ಸಿನಲ್ಲಿ ನನಗೆ ಲಾ ಓದಬೇಕು ಅನ್ನಿಸಿತು. ತುಮಕೂರಿನ ಕಾಲೇಜೊಂದು ಅರ್ಜಿಯ ಜೊತೆ ಒಂದು ಪುಟದ ರೆಸ್ಯೂಮೆ ಕೇಳಿತ್ತು. ಭಾನುವಾರ ಬೆಳಿಗ್ಗೆ ಸಂಪಿಗೆ ಎಂಬ ಊರಿನ ನಮ್ಮ ಮನೆಯ ಜಗಲಿಯಲ್ಲಿ ಕೂತು ಬರೆದೆ. ಮೊದಲ ಸಾಲಿನಲ್ಲೇ ನನ್ನ ಸೆಕೆಂಡ್ ಕ್ಲಾಸ್ ಬಿ.ಎ. ಬಂತು. ಪೊರಕೆಗೆಂದು ತೆಂಗಿನ ಗರಿ ಸೀಳುತ್ತಿದ್ದ ಅತ್ತೆಗೆ ಓದಿ ಹೇಳಿದೆ.

"ಓದಿದ್ದು ಮೂರು ವರ್ಸ, ಕೆಲ್ಸ ಮಾಡಿದ್ದು ಒಂಬತ್ತು. ಯಾವ್ದವ್ವ ಮೇಲಿರ್ಬೇಕು?" ಎಂದರು.

ಅನುಭವವನ್ನು ಮೇಲೆ ತಂದೆ. 'ಟೈಪಿಂಗ್' ಎಂಬ ಒಂದೇ ಪದ ಅಲ್ಲಿ ಬಡಕಲಾಗಿ ಕಂಡಿತು. ನಾನೇ ಒಕ್ಕಣೆ ಮಾಡಿದ ಅರ್ಜಿಗಳನ್ನು ಅದರ ಕೆಳಗೆ ಬರೆಯುತ್ತಾ ಗಟ್ಟಿಯಾಗಿ ಓದತೊಡಗಿದೆ. "ಬದುವಿನ ತೆಂಗಿನ ಮರದ ತಕರಾರು, ಎರಡೂ ಕಡೆಯ ಅರ್ಜಿ" ಎಂದು ಓದಿದ ಮೇಲೆಯೇ ನಾನೇನು ಓದಿದೆ ಎಂಬುದು ಹೊಳೆದದ್ದು.

ಆ ತಕರಾರು ನಮ್ಮ ಮನೆಯದೇ. ಮರ ನಮ್ಮದೆಂದು ಅತ್ತೆ, ತಮ್ಮದೆಂದು ಪಕ್ಕದ ತೋಟದಾಕೆ. ಅತ್ತೆಯ ಅರ್ಜಿ ಬರೆದು ಕೊಟ್ಟ ಮೂರನೇ ದಿನ ಆಕೆಯೂ ಅಂಗಡಿಗೆ ಬಂದರು. ಇಲ್ಲವೆನ್ನಲಾಗದೆ ಅವರದನ್ನೂ ಬರೆದೆ. ಅದರಲ್ಲಿ ಜಮೀನಿನ ಪತ್ರಗಳನ್ನೆಲ್ಲ ಕ್ರಮವಾಗಿ ನಮೂದಿಸಿದ್ದೆ. ನಮ್ಮದರಲ್ಲಿ ಅತ್ತೆ ಹೇಳಿ ಬರೆಸಿದ ಬೈಗುಳವೇ ಜಾಸ್ತಿಯಿತ್ತು. ಮರ ಅವರದಾಯಿತು.

ಗರಿ ಸೀಳುವ ಸದ್ದು ನಿಂತಿತು. "ಅವಳ್ದೂ ನೀನೇ ಬರ್ದಿದ್ದಾ?"

"ಹೂಂ ಅತ್ತೆ."

ಅತ್ತೆ ಎದ್ದು ಒಳಗೆ ಹೋದರು. ಮಧ್ಯಾಹ್ನ ಮುದ್ದೆ ಬಡಿಸಿ ಹಿತ್ತಿಲಿಗೆ ಹೋದರು. ಆ ಸಾಲನ್ನು ಅಳಿಸಿಬಿಡೋಣವೆಂದುಕೊಂಡೆ. ಸಂಜೆ ಹಸುವಿಗೆ ಹುಲ್ಲು ಹಾಕಿ ಬಂದವರು, ನನ್ನ ಮುಖ ನೋಡದೆ, "ಅದುನ್ನ ಎಲ್ಲುಕ್ಕಿಂತ ಮೇಲೆ ಹಾಕು. ಗೆದ್ದಿದ್ದು ಅದೇ ಅಲ್ವಾ" ಎಂದರು.

ಹಾಕಿದೆ.

ಸಂದರ್ಶನದಲ್ಲಿದ್ದ ಹಿರಿಯ ಮೇಷ್ಟರು ಆ ಸಾಲು ಬಿಟ್ಟು ಕೆಳಗೆ ಇಳಿಯಲೇ ಇಲ್ಲ.

"ಎರಡೂ ಕಡೆಗೆ ಬರೆದ್ರಾ?"

"ಹೌದು ಸಾರ್. ಅವತ್ತು ಬೇರೆ ಅಂಗಡಿಗಳು ಬಾಗಿಲು ಹಾಕಿದ್ವು."

"ವಕೀಲರಾದ ಮೇಲೆ ಹಾಗೆ ಮಾಡೋ ಹಾಗಿಲ್ಲ, ಗೊತ್ತಾ?"

"ಅದಕ್ಕೇ ಈಗ ಹೇಳ್ತಿದೀನಿ ಸಾರ್."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಪಕ್ಕದಲ್ಲಿದ್ದ ಮೇಡಮ್ಮು ನಕ್ಕರು. ಮುಂದಿನ ವಾರ ಸೀಟು ಸಿಕ್ಕಿತೆಂದು ಫೋನ್ ಬಂತು.

ಅತ್ತೆಗೆ ಹೇಳಿದೆ. ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದರು. ಬೆಳಿಗ್ಗೆ ಆರೂಕಾಲಕ್ಕೆ ಎಂದೆ. "ಹಂಗಾರೆ ಚಿತ್ರಾನ್ನ ಮಾಡ್ತೀನಿ, ಬೇಗ ಆಯ್ತದೆ" ಎಂದು ಈರುಳ್ಳಿ ಇದೆಯೇ ಎಂದು ನೋಡಲು ಹೋದರು.