ಸಾರಿನ ಹಾಗೆ ಸುರಿದ ಸೂಪು

ಬನ್ನಂಜೆಯ ರಸ್ತೆಯ ತಿರುವಿನಲ್ಲಿ ನಾಲ್ಕೇ ನಾಲ್ಕು ಮೇಜುಗಳ ಚೈನೀಸ್ ಹೋಟೆಲೊಂದು ಇದ್ದ ದಿನಗಳವು. ಇನ್ನಂಜೆ ಹಳ್ಳಿಯ ನಾವು ಗೋಬಿ ಮಂಚೂರಿಯನ್ನು ಗಾಡಿಯ ಬಳಿ ನಿಂತು ತಿಂದಿದ್ದೆವೇ ಹೊರತು, ಕುರ್ಚಿಯಲ್ಲಿ ಕುಳಿತು ಚೈನೀಸ್ ತಿಂದವರಲ್ಲ. ತಿಂದವಳು ರಶ್ಮಿ, ಬನ್ನಂಜೆಯ ದೊಡ್ಡಮ್ಮನ ಮಗಳು, ನನ್ನದೇ ವಯಸ್ಸಿನವಳು. ಅವಳ ಅಪ್ಪ ಮಸ್ಕತ್ತಿನಲ್ಲಿದ್ದರು. ವರ್ಷಕ್ಕೊಮ್ಮೆ ಅವರು ರಜೆಗೆ ಬಂದರೆ ಆ ತಿಂಗಳಿಡೀ ಅವಳಿಗೆ ನೂಡಲ್ಸು. ಆಮೇಲೆ ನಮ್ಮ ಮನೆಗೆ ಬಂದು, ಅದನ್ನು ಫೋರ್ಕಿಗೆ ಸುತ್ತುವ ಬಗೆಯನ್ನು ಗಾಳಿಯಲ್ಲೇ ತೋರಿಸುತ್ತಿದ್ದಳು. ನನಗೆ ಹೊಟ್ಟೆ ಉರಿದುಹೋಗುತ್ತಿತ್ತು.

ನನ್ನ ಅಪ್ಪ ರಿಕ್ಷಾ ಓಡಿಸುತ್ತಿದ್ದರು. ಮಧ್ಯಾಹ್ನ ಊಟಕ್ಕೆ ಮನೆಗೆ, ಸಂಜೆ ಏಳಕ್ಕೆ ಮತ್ತೆ ಮನೆಗೆ. ಚೈನೀಸಿಗೆ ಹೋಗುವ ಎಂದರೆ, "ಅದೆಂತ ಮಾರಾಯ್ತಿ, ಎರೆಹುಳದ ಹಾಗೆ ಉಂಟು! ಅಮ್ಮ ಮಾಡುವ ಸೇಮಿಗೆ ಸಾಕಾಗುವುದಿಲ್ವಾ?" ಎನ್ನುತ್ತಿದ್ದರು. ಇಂಥ ಅಪ್ಪ ನನಗೇ ಏಕೆ ಸಿಕ್ಕಿದರೋ ಎಂದು ಮುಖ ಊದಿಸಿಕೊಳ್ಳುತ್ತಿದ್ದೆ.

ಐದನೆಯ ತರಗತಿ ಮುಗಿದ ಬೇಸಿಗೆ ರಜೆಯಲ್ಲಿ ದೊಡ್ಡಪ್ಪ ರಶ್ಮಿಯೊಡನೆ ನನ್ನನ್ನೂ ಅಲ್ಲಿಗೆ ಕರೆದುಕೊಂಡು ಹೋದರು. ಒಳಗೆ ಕಾಲಿಟ್ಟರೆ ಸೋಯಾ ಸಾಸಿನ, ಹುರಿದ ಬೆಳ್ಳುಳ್ಳಿಯ ವಾಸನೆ. ಮೇಜಿನ ಮೇಲೆ ವಿನೆಗರಿನಲ್ಲಿ ತೇಲುವ ಹಸಿಮೆಣಸು. ರಶ್ಮಿ ಮೆನು ತೆರೆಯದೆಯೇ ಬೇಕಾದದ್ದನ್ನೆಲ್ಲ ಹೇಳಿಬಿಟ್ಟಳು. ನನಗೆ ಏನೂ ಗೊತ್ತಿಲ್ಲವೆಂದು ಅವಳ ಮುಂದೆ ತೋರಿಸಿಕೊಳ್ಳಬಾರದೆಂಬುದೊಂದೇ ನನ್ನ ಹಠ.

ಸೂಪೂ ಫ್ರೈಡ್ ರೈಸೂ ಒಟ್ಟಿಗೇ ಬಂದವು. ಮುಂದೆ ಅನ್ನ ಬಂದರೆ ನಮ್ಮ ಕೈ ಯಾರನ್ನೂ ಕೇಳುವುದಿಲ್ಲ. ಅನ್ನದ ನಡುವೆ ಗುಳಿ ಮಾಡಿ, ಸೂಪನ್ನಿಡೀ ಸುರಿದು, ಕಲಸತೊಡಗಿದೆ.

"ಅಯ್ಯೋ, ಅದು ಸಾರಲ್ಲ! ಸೂಪು ಕುಡಿಯುವುದು!" ಎಂದು ರಶ್ಮಿ ಕಿರುಚಿದಳು. ಪಕ್ಕದ ಮೇಜಿನವರೂ ನಕ್ಕರು. ನನ್ನ ಕಣ್ಣು ತುಂಬಿತು.

ದೊಡ್ಡಪ್ಪ ಎದ್ದು ನನ್ನ ಬದಿಗೆ ಬಂದು ಕುಳಿತರು. ಚಮಚ ಆಚೆಗಿಟ್ಟು ತಮ್ಮ ಸೂಪನ್ನೂ ಅನ್ನಕ್ಕೆ ಸುರಿದರು. "ಹೀಗೆ ಉಂಡರೇ ಊಟ ಮಾಡಿದ ಹಾಗೆ ಆಗುವುದು, ಅಲ್ವಾ ಮಗಾ? ಮಸ್ಕತ್ತಿನ ರೂಮಿನಲ್ಲಿ ಒಬ್ಬನೇ ಇರುವಾಗ ನಾನೂ ಹೀಗೆಯೇ."

ರಶ್ಮಿ ಮತ್ತೆ ಫೋರ್ಕು ಮುಟ್ಟಲಿಲ್ಲ. ಹೊರಗೆ ಬಂದ ಮೇಲೆ ನನ್ನ ತೋಳು ಚಿವುಟಿದಳು.

"ನಿನ್ನ ಅಪ್ಪ ದಿನಾ ಮನೆಗೆ ಬರುತ್ತಾರಲ್ಲ. ನನ್ನ ಅಪ್ಪನ ಬದಿಯಲ್ಲಿ ಎಂತಕ್ಕೆ ಕುಳಿತದ್ದು?"

ನಾನು ಕುಳಿತದ್ದಲ್ಲ, ಅವರೇ ಬಂದದ್ದು ಎನ್ನಬಹುದಿತ್ತು. ಆದರೆ ರಶ್ಮಿಗೂ ನನ್ನ ಮೇಲೆ ಹೊಟ್ಟೆಕಿಚ್ಚು ಬಂತಲ್ಲ ಎಂದು ಒಳಗೊಳಗೇ ಹಿಗ್ಗಿದೆ. ನನ್ನ ಅಪ್ಪ ದಿನಾ ಮನೆಗೆ ಬರುತ್ತಾರೆಂಬ ಅವಳ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ.

ಈಗ ಆ ಹೋಟೆಲ್ ಇದ್ದಲ್ಲಿ ಮೊಬೈಲ್ ಅಂಗಡಿ ಇದೆ. ಮಣಿಪಾಲದಲ್ಲಂತೂ ಎಲ್ಲಿ ನೋಡಿದರೂ ಚೈನೀಸ್. ಕಳೆದ ತಿಂಗಳು ಅಲ್ಲೊಂದರಲ್ಲಿ ರಶ್ಮಿಯೂ ದೊಡ್ಡಪ್ಪನೂ ಸಿಕ್ಕಿದರು. ಕೆಲಸ ಬಿಟ್ಟು ಊರಿಗೆ ಬಂದು ನೆಲೆಸಿದ ದೊಡ್ಡಪ್ಪನಿಗೆ ಈಗ ಕೈ ನಡುಗುತ್ತದೆ. ರಶ್ಮಿ ತಾನೇ ಸೂಪನ್ನು ಅವರ ಅನ್ನಕ್ಕೆ ಸುರಿದು ಕಲಸಿಕೊಡುತ್ತಿದ್ದಳು.

"ಬಾ, ಕುಳಿತುಕೋ. ಅಪ್ಪನ ಬದಿಯಲ್ಲಿ ಜಾಗ ಉಂಟು," ಎಂದಳು.

ನನ್ನ ಅಪ್ಪ ತೀರಿಕೊಂಡು ಮೂರು ವರ್ಷವಾಯಿತು. ಎರೆಹುಳ ಎನ್ನುತ್ತಾರೆಂದು, ನಾನು ದುಡಿಯತೊಡಗಿದ ಮೇಲೂ ಅವರನ್ನು ಒಮ್ಮೆಯೂ ಇಂಥಲ್ಲಿಗೆ ಕರೆಯಲಿಲ್ಲ. ದೊಡ್ಡಪ್ಪನ ಬದಿಯಲ್ಲಿ ಕುಳಿತೆ. ಅನ್ನ ಕಲಸುವ ರಶ್ಮಿಯ ಕೈಯನ್ನೇ ನೋಡುತ್ತ, ಐದನೆಯ ತರಗತಿಯಲ್ಲಿ ಪಟ್ಟದ್ದಕ್ಕಿಂತ ಹೆಚ್ಚು ಹೊಟ್ಟೆಕಿಚ್ಚುಪಟ್ಟೆ.